ತಣ್ಣಗಿದ್ದ ಕೂಲರ್

ಸ್ಕ್ರೂ ಮಾವ ಬೆರಳನ್ನು ಥಟ್ಟನೆ ಹಿಂದಕ್ಕೆಳೆದುಕೊಂಡ. ಸುಟ್ಟಿತೆಂದಲ್ಲ, ಸುಡಲಿಲ್ಲವೆಂದು.

ಪಕ್ಕದ ಮುಚ್ಚಳ ಬಿಚ್ಚಿದ ಕಂಪ್ಯೂಟರು ಮೇಜಿನ ಮೇಲೆ ಅಡ್ಡ ಮಲಗಿತ್ತು. ಪರದೆಯ ಮೂಲೆಯಲ್ಲಿ ಪ್ರೊಸೆಸರಿನ ಶಾಖ ಕೆಂಪಕ್ಷರದಲ್ಲಿ ಏರುತ್ತಿತ್ತು. ನೀರಾಗಿದ್ದರೆ ಇಷ್ಟರಲ್ಲಿ ಕುದಿ ಬರುತ್ತಿತ್ತು. ಆದರೆ ಆ ಪ್ರೊಸೆಸರಿನ ತಲೆಯ ಮೇಲೆ ಕೂತು ಅದರ ಬಿಸಿಯನ್ನೆಲ್ಲ ಹೀರಬೇಕಾದ ಕೂಲರ್, ಅಂದರೆ ಫ್ಯಾನಿನ ಕೆಳಗಿರುವ ಆ ಲೋಹದ ಗಟ್ಟಿ, ತಣ್ಣಗಿತ್ತು. ಒಲೆ ಧಗಧಗ ಉರಿಯುತ್ತಿದೆ, ಮೇಲಿಟ್ಟ ಪಾತ್ರೆ ಮಾತ್ರ ಬೆಚ್ಚಗೂ ಆಗಿಲ್ಲ.

ಅವನು ಇನ್ನೊಮ್ಮೆ ಮುಟ್ಟಿದ. ಅಷ್ಟರಲ್ಲಿ ಟಪ್ಪೆಂದು ಪರದೆ ಕಪ್ಪಾಯಿತು. ಫ್ಯಾನು ಒಂದೆರಡು ಸುತ್ತು ಒಲ್ಲದ ಮನಸ್ಸಿನಿಂದ ತಿರುಗಿ ನಿಂತಿತು.

"ಮತ್ತೆ ಹೋಯ್ತಾ?" ಹಜಾರದಿಂದ ಭಾವನ ಧ್ವನಿ ಬಂತು.

"ಹೋಯ್ತು ಭಾವ. ಹೋಗ್ಲಿ ಅಂತಾನೇ ಬಿಟ್ಟಿದ್ದೆ."

"ಹೂಂ. ಬೇಗ ಹಿಡಿ ಅದ್ಯಾರು ಅಂತ."

ಹೀಗೆ ಪದೇ ಪದೇ ನಿಂತುಹೋಗುವ ಈ ಯಂತ್ರವೇ ಭಾವನ ತೀರಿಹೋದ ತಾಯಿಯ ಧ್ವನಿಯ ರೆಕಾರ್ಡಿಂಗುಗಳನ್ನು ನುಂಗಿತೆಂದೂ, ಅದಕ್ಕೆ ಸೊಸೆಯೇ ಕಾರಣವೆಂದೂ ಮನೆಯಲ್ಲಿ ತೀರ್ಮಾನವಾಗಿ, ಸೊಸೆ ತವರಿಗೆ ಹೊರಡಲು ಗಂಟುಮೂಟೆ ಕಟ್ಟತೊಡಗಿದ್ದಳು.

ಅಂಗಿಯ ಜೇಬಿನಲ್ಲಿ ಸದಾ ಸ್ಕ್ರೂಗಳನ್ನು ಗಲಗಲಿಸುತ್ತ ಓಡಾಡುವ ಇವನಿಗೆ ಸ್ಕ್ರೂ ಮಾವನೆಂದು ಹೆಸರಿಟ್ಟಿದ್ದು ಅಕ್ಕನ ಮಗ, ಚಿಕ್ಕವನಿದ್ದಾಗ. ಆ ಮಗ ಈಗ ಹಡಗಿನ ಇಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದಾನೆ. ಹೆಂಡತಿಯನ್ನು ಇಲ್ಲಿ ಬಿಟ್ಟು ಸಮುದ್ರದ ಮೇಲಿದ್ದಾನೆ. ಅವನ ಹೆಂಡತಿಯೂ ಇವನನ್ನು ಸ್ಕ್ರೂ ಮಾವ ಎಂದೇ ಕರೆಯುತ್ತಾಳೆ. ಊರಿನ ಅರ್ಧ ಮನೆಗಳ ಕಂಪ್ಯೂಟರುಗಳು ಇವನ ಕೈಯಲ್ಲೇ ಬದುಕಿ ಸತ್ತಿವೆ.

ಇವತ್ತು ಬೆಳಗ್ಗೆ ಬಂದಾಗ ಅವನ ಮುಖದಲ್ಲಿ ಏನು ಕಳೆ! "ಇವತ್ತು ಕಳ್ಳನ್ನ ಹಿಡಿದೇ ಮನೆಗೆ ಹೋಗೋದು ಭಾವ," ಎಂದು ಚಪ್ಪಲಿ ಬಿಡುವಾಗಲೇ ಸಾರಿದ್ದ. ಒಬ್ಬೊಬ್ಬ ಶಂಕಿತನನ್ನೂ ಎಳೆದು ಮುಂದೆ ನಿಲ್ಲಿಸಿದ. ಮೆಮೊರಿ ಕಡ್ಡಿಗಳನ್ನು ಅದಲು ಬದಲು ಮಾಡಿದ, ನಿರಪರಾಧಿಗಳು. ಕರೆಂಟು ಕೊಡುವ ಪೆಟ್ಟಿಗೆಯನ್ನು ತೆಗೆದು ತನ್ನ ಚೀಲದ್ದನ್ನು ಹಾಕಿದ, ಆಗಲೂ ಯಂತ್ರ ನಿಂತಿತು. ಗೋಡೆಯ ಸಾಕೆಟ್ಟಿನಲ್ಲಿ ಏರಿಳಿತವಿಲ್ಲ. ವೈರಸ್ಸು ಹುಡುಕಿದ, ಅದೂ ಇಲ್ಲ. ಬರೀ ಪತ್ರ ಬರೆದರೆ, ಫೋಟೋ ನೋಡಿದರೆ ಯಂತ್ರ ದಿನವಿಡೀ ತೆಪ್ಪಗಿರುತ್ತದೆ. ಭಾರದ ಕೆಲಸ ಕೊಟ್ಟರೆ ಮಾತ್ರ ಕೈ ಕೊಡುತ್ತದೆ. ಭಾರದ ಕೆಲಸ ಮಾಡುವವಳು ಮನೆಯಲ್ಲಿ ಸೊಸೆಯೊಬ್ಬಳೇ.

ಉಳಿದದ್ದು ಕೂಲರ್ ಮಾತ್ರ. ಅದನ್ನು ಅವನು ಮೊದಲ ದಿನವೇ ಪಟ್ಟಿಯಿಂದ ಬಿಟ್ಟಿದ್ದ. ಹೊಸದು, ಒಳ್ಳೆಯ ಮಾಲು. ಅಕ್ಕನ ಮನೆಗೆಂದು ತಾನೇ ತಂದು, ತಾನೇ ಕೂರಿಸಿದ್ದು.

ನಾಲ್ಕು ಸ್ಕ್ರೂ ಬಿಚ್ಚಿದ. ಕೂಲರನ್ನು ಎತ್ತಿ ತಿರುವಿ ಹಿಡಿದ.

ತಳದಲ್ಲಿ ತೆಳ್ಳನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಕೊಂಡಿತ್ತು. ಅದರ ಮೇಲೆ ಕೆಂಪಕ್ಷರಗಳಲ್ಲಿ, ಕುರುಡನಿಗೂ ಕಾಣುವಂತೆ, ಕೂರಿಸುವ ಮೊದಲು ಇದನ್ನು ಕಿತ್ತುಹಾಕಿ ಎಂದು ಬರೆದಿತ್ತು.

ಸ್ಕ್ರೂ ಮಾವ ಅದನ್ನು ಎರಡು ಸಲ ಓದಿದ.

ಆ ದಿನ ಈ ಕುರ್ಚಿಯಲ್ಲೇ ಕೂತು, ಭಾವನಿಗೆ ಯಾವುದೋ ಗಿರಾಕಿಯ ಪೆದ್ದುತನದ ಕಥೆ ಹೇಳಿ ನಗಿಸುತ್ತ, "ಇದೆಲ್ಲ ನಂಗೆ ಕಣ್ಣು ಮುಚ್ಕೊಂಡು ಮಾಡೋ ಕೆಲ್ಸ" ಎಂದು ಕೊಚ್ಚಿಕೊಂಡು ಇದನ್ನು ಕೂರಿಸಿದ್ದ. ನಿಜಕ್ಕೂ ಕಣ್ಣು ಮುಚ್ಚಿಕೊಂಡೇ ಮಾಡಿದ್ದ. ಕಸುಬಿಗೆ ಹೊಸಬನಾದರೆ ಡಬ್ಬದ ಮೇಲಿನ ಸೂಚನೆ ಓದುತ್ತಾನೆ. ಇಂಥ ತಪ್ಪು ಮಾಡಲು ಇವನಷ್ಟು ಪಳಗಿರಬೇಕು.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು ಮಾತು. ಯಂತ್ರ ನಿಲ್ಲುತ್ತದೆಂದು ಮೊದಲ ಸಲ ಕರೆ ಬಂದಾಗ, ಮುಚ್ಚಳ ಬಿಚ್ಚುವ ಮೊದಲೇ ಅವನು "ಬಳಸೋರು ಏನೋ ಮಾಡಿರ್ತಾರೆ ಭಾವ" ಎಂದಿದ್ದ. ರಿಪೇರಿಯವರ ಬಾಯಲ್ಲಿ ತಾನಾಗಿ ಬರುವ ಮಾತದು. ಮೊದಲು ಗಿರಾಕಿಯ ತಲೆಗೆ ಕಟ್ಟಿ, ಆಮೇಲೆ ನಿಧಾನವಾಗಿ ಯಂತ್ರ ನೋಡುವುದು. ಬೇರೆ ಮನೆಗಳಲ್ಲಿ ಅದು ಗಾಳಿಗೆ ಹೋಗುತ್ತಿತ್ತು. ಆದರೆ ಭಾವ ಕೋರ್ಟಿನಲ್ಲಿ ಶೀಘ್ರಲಿಪಿಗಾರರಾಗಿದ್ದವರು. ಕಿವಿಗೆ ಬಿದ್ದ ಮಾತನ್ನು ಅಲ್ಪವಿರಾಮದ ಸಮೇತ ಇಟ್ಟುಕೊಳ್ಳುವವರು. ಆವತ್ತಿನಿಂದ ಅವರ ಬೆರಳು ಸೊಸೆಯ ಕಡೆಗೇ ತಿರುಗಿತ್ತು.

"ಏನೋ, ಸಿಕ್ಕಿದ್ನಾ ಕಳ್ಳ?"

ಅಕ್ಕ ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವನ ಕೈ ಅವನನ್ನು ಕೇಳದೆ ಹಾಳೆಯನ್ನು ಪರ್ರೆಂದು ಕಿತ್ತು, ಮುದುರಿ, ಅಂಗಿಯ ಜೇಬಿಗೆ ತುರುಕಿತು.

"ಹತ್ರ ಬಂದಿದ್ದೀನಕ್ಕ."

ಕಳ್ಳ ಅಂಗಿಯ ಜೇಬಿನಲ್ಲೇ ಇದ್ದ. ಅಂಗಿ ತೊಟ್ಟವನೂ ಅಲ್ಲೇ ಇದ್ದ.

ಅಕ್ಕ ಲೋಟ ಇಟ್ಟಳು. ಹೋಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಇದು ಸರಿ ಹೋದ್ರೆ ಹಳೇದೆಲ್ಲ ವಾಪಸ್ ಬಂದ್ಬಿಡುತ್ತಾ?" ಎಂದಳು.

"ಅತ್ತೆಯವ್ರ ಧ್ವನಿನಾ? ಅದೆಲ್ಲಿ ಬರುತ್ತಕ್ಕ. ಹೋಗಿದ್ದು ಹೋಯ್ತು."

ಅಕ್ಕ ದೊಡ್ಡದೊಂದು ಉಸಿರು ಬಿಟ್ಟು ಒಳಗೆ ಹೋದಳು. ಪಾಪ, ಗಂಡನ ದುಃಖ ಇವಳಿಗೂ ತಟ್ಟಿದೆ ಎಂದುಕೊಂಡು ಸ್ಕ್ರೂ ಮಾವ ಇನ್ನಷ್ಟು ಕುಗ್ಗಿದ. ಅಕ್ಕನ ಅತ್ತೆಯ ಕೊನೆಯ ದಿನಗಳಲ್ಲಿ ಭಾವ ಅವರ ಮಂಚದ ಪಕ್ಕ ಒಂದು ರೆಕಾರ್ಡರ್ ಇಟ್ಟು, ಆಡಿದ ಮಾತು, ಗುನುಗಿದ ಹಾಡು, ಕೆಮ್ಮು, ಬೈಗುಳ ಎಲ್ಲವನ್ನೂ ಹಿಡಿದಿಟ್ಟಿದ್ದರು. ಎಲ್ಲವೂ ಈ ಯಂತ್ರದಲ್ಲಿತ್ತು. ಒಂದೇ ಸಲ ಕೇಳುವಷ್ಟು ಎದೆ ಗಟ್ಟಿಯಿಲ್ಲವೆಂದು ಒಂದಷ್ಟು ಕೇಳಿ, ಉಳಿದದ್ದನ್ನು ಮುಂದಕ್ಕಿಟ್ಟಿದ್ದರು. ಬೇರೆಡೆ ಒಂದು ಪ್ರತಿ ಇಟ್ಟುಕೊಳ್ಳಿ ಎಂದು ಹೇಳಬೇಕಾದವನೂ ತಾನೇ. ಅದನ್ನೂ ಹೇಳಿರಲಿಲ್ಲ.

ಪ್ರೊಸೆಸರಿನ ಮೇಲೆ ಬಿಸಿ ದಾಟಿಸುವ ಹೊಸ ಪೇಸ್ಟು ಹಚ್ಚಿದ. ಕೂಲರನ್ನು ಕೂರಿಸಿ ಸ್ಕ್ರೂ ಬಿಗಿದ. ಆಮೇಲೆ ಸೊಸೆಯನ್ನು ಕೂಗಿದ.

ಸೊಸೆ ಹಲ್ಲು ಮಾಡುವವಳು. ಹಲ್ಲಿನ ಲ್ಯಾಬೊಂದರಿಂದ ಬರುವ ಪ್ಲಾಸ್ಟರಿನ ಅಚ್ಚುಗಳನ್ನು ಸ್ಕ್ಯಾನ್ ಮಾಡಿ, ಬಿದ್ದುಹೋದ ಹಲ್ಲಿನ ಜಾಗಕ್ಕೆ ಸರಿಯಾಗಿ ಕೂರುವ ಹಲ್ಲನ್ನು ಪರದೆಯ ಮೇಲೆ ಕಡೆಯುವುದು ಅವಳ ಕೆಲಸ. ಕಪಾಟಿನ ತುಂಬ ಊರಿನವರ ದವಡೆಗಳು ಹಲ್ಲು ಕಿರಿದುಕೊಂಡು ಕೂತಿದ್ದವು. ನಾಳೆ ಅವೂ ಪೆಟ್ಟಿಗೆ ಸೇರುವುದರಲ್ಲಿದ್ದವು.

"ನಿನ್ ಹತ್ರ ಇರೋದ್ರಲ್ಲಿ ಭಾರದ ಕೆಲ್ಸ ಯಾವ್ದಮ್ಮ? ಅದನ್ನ ಹಾಕು."

"ಇಡೀ ಸೆಟ್ ಒಂದಿದೆ ಸ್ಕ್ರೂ ಮಾವ. ಮೇಲಿನದು, ಕೆಳಗಿನದು ಎರಡೂ. ಇದನ್ನ ಹಾಕಿದಾಗೆಲ್ಲ ಸತ್ತೇ ಹೋಗಿದೆ."

"ಹಾಕು, ನೋಡೋಣ."

ಅವಳು ಬಟನ್ ಒತ್ತಿ ಕೈ ಹಿಂದಕ್ಕೆ ತೆಗೆದುಕೊಂಡಳು. ಪರದೆಯ ಮೇಲೆ ಒಂದೊಂದೇ ಹಲ್ಲು ಮೊಳೆಯಿತು. ಫ್ಯಾನಿನ ಸದ್ದು ಏರಿತು. ಸ್ಕ್ರೂ ಮಾವ ಕೂಲರನ್ನು ಮುಟ್ಟಿದ; ಈ ಸಲ ಅದು ಬಿಸಿಯಾಗಿತ್ತು. ಬಾಚಿಹಲ್ಲು, ಕೋರೆಹಲ್ಲು, ದವಡೆಹಲ್ಲು ಎಲ್ಲ ಮುಗಿದು, ಎರಡು ಸಾಲೂ ಕಚ್ಚಿಕೊಂಡು ಸರಿಯಾಗಿ ಕೂತವು. ಯಂತ್ರ ಸಾಯಲಿಲ್ಲ.

ಸೊಸೆಯ ಮುಖ ಅರಳಿತು. ಮದುವೆಯಾಗಿ ಬಂದ ಹೊಸತರಲ್ಲಿ ಅವನು ಕಂಡಿದ್ದ ನಗು ಅದು. "ಅಯ್ಯೋ, ಏನ್ ಮಾಡಿದ್ರಿ? ಏನಾಗಿತ್ತು ಅದಕ್ಕೆ?"

ಹೇಳಿಬಿಡಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು.

"ಧೂಳು," ಎಂದ ಸ್ಕ್ರೂ ಮಾವ. "ಒಳಗೆ ಧೂಳು ಕೂತಿತ್ತು ಅಷ್ಟೇ."

"ಧೂಳಾ?" ಅವಳ ಹುಬ್ಬು ಗಂಟಿಕ್ಕಿತು. "ಮೊನ್ನೆ ತಾನೆ ನಾನೇ ಬ್ರಶ್ಶಲ್ಲಿ..."

"ಯಾವ ಧೂಳು?"

ಭಾವ ಬಂದು ನಿಂತಿದ್ದರು. ಕನ್ನಡಕದ ಮೇಲಿಂದ ಕಪಾಟನ್ನು ನೋಡಿದರು. ದವಡೆಗಳ ಸುತ್ತ ತೆಳ್ಳಗೆ ಬಿಳಿ ಪುಡಿ ಚೆಲ್ಲಿತ್ತು. ಸ್ಕ್ರೂ ಮಾವನಿಗೆ ತಾನು ಏನು ಮಾಡಿಕೊಂಡೆನೆಂದು ಆಗ ಹೊಳೆಯಿತು. ಹೇಳಲು ಬೇರೆ ಸುಳ್ಳು ಸಿಗಲಿಲ್ಲವೆ ಇವನಿಗೆ?

"ಪ್ಲಾಸ್ಟರಿನ ಧೂಳು," ಎಂದರು ಭಾವ. ಧ್ವನಿ ಏರಿಸಲಿಲ್ಲ, ಸಾಕ್ಷಿಯ ಹೇಳಿಕೆಯನ್ನು ಓದಿ ಹೇಳುವ ಧಾಟಿಯಿತ್ತು. "ಈ ಹಲ್ಲಿನ ಅಂಗಡಿ ಮನೆಗೆ ಬಂದಾಗಿನಿಂದ ಹೇಳ್ತಾನೇ ಇದ್ದೆ. ನನ್ನ ಅಮ್ಮನ ಧ್ವನಿ ಯಾರದೋ ದವಡೆ ಪುಡಿಗೆ ಹೋಯ್ತು."

"ಭಾವ, ಹಾಗಲ್ಲ ಅದು..."

"ನೀನು ಸುಮ್ನಿರು. ನೀನು ಮೊದಲೇ ಹೇಳಿದ್ದೆ, ಬಳಸೋರು ಏನೋ ಮಾಡಿರ್ತಾರೆ ಅಂತ. ನಿನ್ನ ಕೆಲ್ಸ ನೀನು ಸರಿಯಾಗೇ ಮಾಡಿದ್ದೀಯ."

ನೆಲ ಬಿರಿದು ತನ್ನನ್ನು ನುಂಗಬಾರದೆ ಎನಿಸಿತು ಅವನಿಗೆ.

ಸೊಸೆ ಎದ್ದು ನಿಂತಳು. "ಹೌದು ಮಾವ. ನನ್ನಿಂದಾನೇ ಆಗಿದ್ದು. ನಾಳೆ ಬೆಳಗ್ಗೆ ಹೊರಟ್ಬಿಡ್ತೀನಿ."

ಭಾವ ಗೋಣಾಡಿಸಿ ಹಜಾರಕ್ಕೆ ಹೋದರು. ಸ್ಕ್ರೂ ಮಾವ ಅವಳ ಮುಖವನ್ನೇ ನೋಡಿದ. ಎಷ್ಟು ಬೇಗ ಒಪ್ಪಿಕೊಂಡಳು! ಬ್ರಶ್ಶಿನಲ್ಲಿ ತಾನೇ ಧೂಳು ಹೊಡೆದವಳು, ಮಾಡದ ತಪ್ಪಿಗೆ ಹೀಗೆ ಸಲೀಸಾಗಿ ತಲೆ ಕೊಡುವುದೆಂದರೇನು? ಅಷ್ಟು ನಾಚಿಕೆಯ ನಡುವೆಯೂ ಅವನೊಳಗಿನ ಪತ್ತೇದಾರ ಕಿವಿ ನೆಟ್ಟಗೆ ಮಾಡಿದ.

"ಒಂದ್ನಿಮಿಷ ಇರಮ್ಮ." ಬಾಗಿಲನ್ನು ಅರ್ಧ ಮುಚ್ಚಿ, ಜೇಬಿನಿಂದ ಹಾಳೆಯನ್ನು ತೆಗೆದು ಅವಳ ಅಂಗೈಯಲ್ಲಿಟ್ಟ. "ಧೂಳಲ್ಲ. ಇದು."

ಅವಳು ಅದನ್ನು ಬಿಡಿಸಿ, ಬೆಳಕಿಗೆ ಹಿಡಿದು ಓದಿದಳು.

"ಕೂಲರಿನ ತಳದಲ್ಲಿತ್ತು. ಹಾಕೋ ಮೊದ್ಲು ಕೀಳ್ಬೇಕಿತ್ತು. ನಾನು ಕೀಳ್ಲಿಲ್ಲ. ಬಿಸಿ ಮೇಲಕ್ಕೇ ಬರ್ತಿರ್ಲಿಲ್ಲ, ಅದ್ಕೇ ತನ್ನನ್ನ ತಾನು ಉಳಿಸ್ಕೊಳ್ಳೋಕೆ ಮೆಷಿನ್ನು ಆಫ್ ಆಗ್ತಿತ್ತು. ನಿಂದೇನೂ ತಪ್ಪಿಲ್ಲ. ಎಳ್ಳಷ್ಟೂ ಇಲ್ಲ."

ಸೊಸೆ ಒಮ್ಮೆ ನಕ್ಕಳು. ಮರುಗಳಿಗೆಯೇ ಕಣ್ಣು ತುಂಬಿಕೊಂಡಿತು.

"ಪ್ರತಿ ಸಲ ಬಟನ್ ಒತ್ತೋವಾಗ ಉಸಿರು ಬಿಗಿಹಿಡೀತಿದ್ದೆ ಸ್ಕ್ರೂ ಮಾವ. ನನ್ನ ಕೈಗುಣಾನೇ ಸರಿಯಿಲ್ಲ ಅಂದ್ಕೊಂಡಿದ್ದೆ. ಅಡುಗೆಮನೇಲಿ ಮಿಕ್ಸಿ ಮುಟ್ಟೋಕೂ ಭಯ ಆಗ್ತಿತ್ತು. ಮಾವ ನನ್ನ ಹತ್ರ ಮಾತೇ ನಿಲ್ಲಿಸಿದ್ರು. ಲ್ಯಾಬಿನವ್ರು ನನಗೆ ಕೊಟ್ಟ ಕೆಲ್ಸ ಹೊತ್ತಿಗೆ ಬರಲ್ಲ ಅಂದ್ರು." ಮೂಗೊರೆಸಿಕೊಂಡಳು. "ನೀವು ಈಗ್ಲೂ ಧೂಳು ಅಂದ್ರಲ್ಲ."

ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ತಪ್ಪಾಯ್ತಮ್ಮ. ಈಗ್ಲೇ ಹೋಗಿ ಭಾವನಿಗೆ ಹೇಳ್ತೀನಿ."

"ಬೇಡ!"

ಅವಳು ಹಾಳೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಿದ್ದಳು. "ಬೇಡ ಸ್ಕ್ರೂ ಮಾವ. ನಾನು ಹೇಗೂ ಹೋಗ್ತೀನಿ ಅಂದಾಗಿದೆ. ನೀವು ಹೇಳಿದ್ರೆ ಮಾವ ಅಲ್ಲಿಗೇ ನಿಲ್ಲಿಸಲ್ಲ, ಮುಂದಿನ ಪ್ರಶ್ನೆ ಕೇಳ್ತಾರೆ."

"ಯಾವ ಪ್ರಶ್ನೆ?"

ಸೊಸೆ ಕಣ್ಣು ತಪ್ಪಿಸಿದಳು. ಆ ಕಣ್ಣು ಪರದೆಯ ಕಡೆಗೆ ಹೋಯಿತು, ಅಲ್ಲಿಂದ ನೆಲಕ್ಕೆ.

ಆಗ ಸ್ಕ್ರೂ ಮಾವನ ತಲೆಯಲ್ಲಿ ಏನೋ ಅಲುಗಿತು. ಯಂತ್ರ ನಡುವೆ ನಿಂತರೆ ಆ ಗಳಿಗೆಯಲ್ಲಿ ತೆರೆದಿದ್ದ ಫೈಲು ಕೆಡಬಹುದು. ತೆರೆಯದೇ ಇದ್ದ ಫೋಲ್ಡರು ಇದ್ದಕ್ಕಿದ್ದಂತೆ ಎದ್ದು ಹೋಗುವುದಿಲ್ಲ. ಧ್ವನಿಯ ಪಕ್ಕದಲ್ಲೇ ಇದ್ದ ಮದುವೆಯ ಫೋಟೋಗಳಿಗೆ ಏನೂ ಆಗಿಲ್ಲ, ಭಾವನ ಪಿಂಚಣಿ ಕಾಗದಗಳಿಗೆ ಏನೂ ಆಗಿಲ್ಲ. ಅತ್ತೆಯ ಫೋಲ್ಡರೊಂದೇ ಗುರುತಿಲ್ಲದಂತೆ ಹೋಗಿದೆ. ಇಷ್ಟು ದಿನ ಇದು ಕಣ್ಣೆದುರಿಗೇ ಇತ್ತು. ನಿಂತಿದ್ದಕ್ಕೇ ಹೋಯಿತೆಂದು ಭಾವ ಹೇಳಿದ್ದರು, ಇವನು ತಲೆಯಾಡಿಸಿದ್ದ.

"ಯಾರೋ ಅಳಿಸಿದ್ದಾರೆ," ಎಂದ ಮೆಲ್ಲಗೆ. "ಕಸದ ಬುಟ್ಟಿಯನ್ನೂ ಖಾಲಿ ಮಾಡಿದ್ದಾರೆ. ನೀನಾ?"

"ಹಾಗೇ ಅಂದ್ಕೊಳ್ಳಿ."

ನಾಚಿಕೆಯ ವಿಷಯವೆಂದರೆ, ಆ ಮಾತು ಕೇಳಿದ್ದೇ ಅವನ ಎದೆ ಹಗುರವಾಯಿತು. ತನಗಿಂತ ದೊಡ್ಡ ತಪ್ಪು ಮಾಡಿದವರು ಒಬ್ಬರಿದ್ದಾರೆ! ಯಂತ್ರ ನಿಂತದ್ದೊಂದೇ ತನ್ನ ಪಾಲಿಗೆ. ಧ್ವನಿಯ ಪಾಪ ತನ್ನದಲ್ಲ. ಆ ಸಂತೋಷ ಎರಡು ಉಸಿರಿನಷ್ಟು ಹೊತ್ತು ಇತ್ತು. ಆಮೇಲೆ ಸೊಸೆಯ ಬಿಗಿದ ಮುಷ್ಟಿ ಕಣ್ಣಿಗೆ ಬಿತ್ತು. ತನ್ನ ಮೇಲೇ ತನಗೆ ಹೇಸಿಗೆಯಾಯಿತು.

"ಸುಳ್ಳು. ನೀನಲ್ಲ. ಯಾರನ್ನ ಉಳಿಸ್ತಿದ್ದೀಯ?"

ಅವಳು ಬಾಗಿಲಿನ ಕಡೆಗೊಮ್ಮೆ ನೋಡಿದಳು.

ಸ್ಕ್ರೂ ಮಾವ ಚೀಲದಿಂದ ಪೆನ್ ಡ್ರೈವ್ ತೆಗೆದು ಚುಚ್ಚಿದ. ಅಳಿಸಿದ್ದನ್ನು ಹುಡುಕಿ ತರುವ ಪ್ರೋಗ್ರಾಮು ಅದರಲ್ಲಿತ್ತು. ಹೋಗಿದ್ದು ಹೋಯ್ತು ಎಂದು ಅಕ್ಕನಿಗೆ ಹೇಳಿದ್ದು ಯಂತ್ರವೇ ಕೆಡಿಸಿತೆಂಬ ಲೆಕ್ಕದಲ್ಲಿ. ಕೈಯಾರೆ ಅಳಿಸಿದ್ದಾದರೆ, ಅದರ ಮೇಲೆ ಬೇರೇನೂ ಬರೆಯದಿದ್ದರೆ, ಡಿಸ್ಕಿನಲ್ಲಿ ಇನ್ನೂ ಉಳಿದಿರಲು ಸಾಧ್ಯ.

"ಹುಡುಕ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ನಾನು ಈ ಮನೇಲಿ ಕೆಡಿಸಿದ್ದೇ ಆಯ್ತು. ಒಂದಾದ್ರೂ ಸರಿ ಮಾಡ್ತೀನಿ ಬಿಡು."

ಪರದೆಯ ಮೇಲೆ ಹಸಿರು ಪಟ್ಟಿ ನಿಧಾನವಾಗಿ ತೆವಳತೊಡಗಿತು. ಅದನ್ನು ಅದರ ಪಾಡಿಗೆ ಬಿಟ್ಟು, ಸೊಸೆಯ ಮುಷ್ಟಿಯಿಂದ ಹಾಳೆಯನ್ನು ಬಿಡಿಸಿಕೊಂಡು, ಅವನು ಹಜಾರಕ್ಕೆ ಹೋದ.

ಭಾವ ಪೇಪರು ಹಿಡಿದಿದ್ದರು, ಓದುತ್ತಿರಲಿಲ್ಲ. ಸ್ಕ್ರೂ ಮಾವ ಹಾಳೆಯನ್ನು ಅವರ ಮುಂದಿನ ಟೀಪಾಯಿಯ ಮೇಲಿಟ್ಟ. ಕೂರಲಿಲ್ಲ.

"ಭಾವ, ಧೂಳು ಅಂದದ್ದು ಸುಳ್ಳು. ಪ್ಲಾಸ್ಟರೂ ಅಲ್ಲ, ಹುಡುಗಿನೂ ಅಲ್ಲ. ನಾನು."

ನಿಂತುಕೊಂಡೇ ಎಲ್ಲ ಹೇಳಿದ. ಕಣ್ಣು ಮುಚ್ಚಿಕೊಂಡು ಕೂರಿಸಿದ್ದು, ಬಳಸುವವರ ಮೇಲೆ ಹಾಕಿದ್ದು, ಇವತ್ತು ಹಾಳೆಯನ್ನು ಜೇಬಿಗಿಳಿಸಿದ್ದು. ಭಾವ ಕೊನೆಗೆ ಹಾಳೆಯನ್ನು ಎತ್ತಿ, ಓದಿ, ಮತ್ತೆ ಅಲ್ಲೇ ಇಟ್ಟರು.

"ಅವಳು ಊಟಕ್ಕೆ ಬಡಿಸೋಕೆ ಬಂದ್ರೆ ನಾನು ಎದ್ದು ಹೋಗ್ತಿದ್ದೆ," ಎಂದರು. ಅವರ ಮುಖ ಕಪ್ಪಿಟ್ಟಿತ್ತು. "ಮಗ ಫೋನ್ ಮಾಡಿದಾಗ ಅವನ ಹತ್ರಾನೂ ಹೇಳ್ಬಿಟ್ಟೆ. ಅಷ್ಟು ದೂರದಲ್ಲಿರೋ ಹುಡುಗನಿಗೆ. ಥೂ."

ಪೇಪರು ಕೆಳಗೆ ಬಿತ್ತು. ಭಾವ ಎದ್ದು ನೇರ ಕೋಣೆಗೆ ನಡೆದರು, ಸ್ಕ್ರೂ ಮಾವ ಹಿಂದೆಯೇ ಓಡಿದ.

ಸೊಸೆ ಪರದೆಗೆ ಅಡ್ಡವಾಗಿ ನಿಂತಿದ್ದಳು.

"ಮಗಾ," ಎಂದರು ಭಾವ. "ಎಲ್ಲೂ ಹೋಗ್ಬೇಡ. ನಾನು ನಿನ್ನ..."

ಯಂತ್ರ ಟಿಂಗ್ ಎಂದಿತು.

ಅವಳ ಭುಜದ ಪಕ್ಕದಲ್ಲಿ, ಹಸಿರು ಪಟ್ಟಿ ಮುಗಿದ ಜಾಗದಲ್ಲಿ, ಅಳಿಸಿದ್ದು ಸಿಕ್ಕಿದೆ ಎಂಬ ಬರಹದಡಿ, ಹಳದಿ ಫೋಲ್ಡರೊಂದು ಕಾಣುತ್ತಿತ್ತು. ಅದರ ಕೆಳಗೆ ಭಾವ ತಮ್ಮ ಕೈಯಾರೆ ಬರೆದಿದ್ದ ಒಂದೇ ಪದ: ಅಮ್ಮ.

ಭಾವ ಎರಡು ಹೆಜ್ಜೆ ಮುಂದೆ ಬಂದು ಆ ಪದವನ್ನು ಓದಿದರು.

"ಇದೆ," ಎಂದರು ಭಾವ. ಮಗುವಿನ ಧ್ವನಿಯಾಗಿತ್ತು ಅದು. "ಇದೆಯಲ್ಲೋ! ಹಾಕು. ಕೊನೇದು ಹಾಕು, ನಾನು ಕೇಳದೇ ಬಿಟ್ಟಿದ್ದು."

"ಮಾವ, ಬೇಡ," ಎಂದಳು ಸೊಸೆ.

"ಯಾಕೆ ಬೇಡ?" ಎಂದು ಕೇಳಿದರು ಭಾವ. ನಿಧಾನವಾಗಿ ಸ್ಕ್ರೂ ಮಾವನ ಕಡೆಗೆ ತಿರುಗಿದರು. "ಯಂತ್ರ ನಿಂತಿದ್ದಕ್ಕೆ ನೀನು ಕಾರಣ, ಸರಿ. ಇದನ್ನ ಅಳಿಸಿದ್ದು?"

"ಗೊತ್ತಿಲ್ಲ ಭಾವ."

"ಹಾಕು."

ಸ್ಕ್ರೂ ಮಾವ ಮೌಸಿಗೆ ಕೈ ಹಾಕಿದ. ಕೊನೆಯ ಫೈಲನ್ನು ಒತ್ತಿದ. ಸ್ಪೀಕರಿನಲ್ಲಿ ಒಂದು ಕೆಮ್ಮು, ಮಂಚ ಕಿರುಗುಟ್ಟಿದ ಸದ್ದು, ಆಮೇಲೆ ಹಣ್ಣು ಹಣ್ಣು ಮುದುಕಿಯ ಧ್ವನಿಯೊಂದು, "ಬಾ, ಇಲ್ಲಿ ಕೂತ್ಕೋ, ಬಾಗಿಲು ಹಾಕು ಮೊದ್ಲು," ಎಂದಿತು.

ಟಪ್ಪೆಂದು ಪರದೆ ಕಪ್ಪಾಯಿತು.

ಈ ಸಲ ಕಾರಣ ಹುಡುಕಬೇಕಾಗಿರಲಿಲ್ಲ. ಯಾವಾಗ ಒಳಗೆ ಬಂದಳೋ, ಗೋಡೆಯ ಹತ್ತಿರ ಅಕ್ಕ ಬಗ್ಗಿ ನಿಂತಿದ್ದಳು. ಕಿತ್ತ ಪ್ಲಗ್ಗು ಅವಳ ಕೈಯಲ್ಲಿತ್ತು. ಬೇಡದ ಫೈಲು ಅಳಿಸುವುದು ಹೇಗೆ, ಬುಟ್ಟಿ ಖಾಲಿ ಮಾಡುವುದು ಹೇಗೆ ಎಂದು ಇದೇ ಕುರ್ಚಿಯಲ್ಲಿ ಕೂರಿಸಿ ಅವಳಿಗೆ ಕಲಿಸಿದ್ದು ಯಾರೆಂದು ಸ್ಕ್ರೂ ಮಾವನಿಗೆ ನೆನಪಾಯಿತು.

"ನೀನಾ?" ಎಂದರು ಭಾವ.

ಅಕ್ಕ ಗಂಡನ ಕಡೆಗೆ ನೋಡಲೇ ಇಲ್ಲ. ತಮ್ಮನನ್ನು ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ಅತ್ತೆ ಅದ್ರಲ್ಲಿ ನನ್ನ ಕೂರಿಸ್ಕೊಂಡು ನಿನ್ ವಿಷಯಾನೇ ಹೇಳಿರೋದು ತಮ್ಮಾ. ಇವ್ರು ಕೇಳಿಸ್ಕೊಂಡ್ರೆ ನೀನು ಮತ್ತೆ ಈ ಹೊಸಿಲು ತುಳಿಯೋ ಹಾಗಿರಲ್ಲ. ನಾನು ಅಳಿಸೋದನ್ನ ಈ ಹುಡುಗಿ ನೋಡಿಬಿಟ್ಲು. ಬಾಯಿ ಬಿಡಬೇಡ ಅಂತ ನಾನೇ ಆಣೆ ಹಾಕಿಸಿದ್ದೆ."

ಭಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಪ್ಲಗ್ಗು ಅವನ ಕೈಗೆ ಕೊಡು," ಎಂದರು ಕೊನೆಗೆ. "ಅವನೇ ಹಾಕ್ಲಿ."

ಅಕ್ಕ ಪ್ಲಗ್ಗನ್ನು ಮುಂದೆ ಚಾಚಿದಳು. ಸ್ಕ್ರೂ ಮಾವನ ಕೈ ಮೇಲೇಳಲಿಲ್ಲ.